ಸುಟ್ಟ ಆಂಪ್ಲಿಫೈಯರ್ ಬೋರ್ಡಿನ ರಿಪೇರಿ ಮತ್ತು ಇನ್ಸುಲೇಷನ್: ಸಮಗ್ರ ಮಾರ್ಗದರ್ಶಿ

ಗಣೇಶನ ಹಬ್ಬದಿಂದ ದಸರೆ ಮುಗಿಯುವವರೆಗೆ ಮೈಸೂರು, ಮಂಡ್ಯದ ಸುತ್ತಮುತ್ತ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರ ಆಂಪ್ಲಿಫೈಯರುಗಳಿಗೆ ಬಿಡುವೆಂಬುದಿಲ್ಲ. ಈ ಅವಧಿಯಲ್ಲಿ ರಿಪೇರಿಯಾಗಿ ಹೋದ ಬೋರ್ಡುಗಳಲ್ಲಿ ಸಾಕಷ್ಟು, ಅದೇ ಜಾಗದಲ್ಲಿ ಮತ್ತೆ ಸುಟ್ಟು ಹಿಂದಿರುಗುತ್ತವೆ. ಓದುಗರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಹೊಸ ಟ್ರಾನ್ಸಿಸ್ಟರ್ ಹಾಕಿದ್ದಾಯಿತು, ಹೋದ ಟ್ರ್ಯಾಕಿಗೆ (ಬೋರ್ಡಿನ ಮೇಲಿನ ತಾಮ್ರದ ಗೆರೆಗೆ) ತಂತಿ ಎಳೆದದ್ದಾಯಿತು, ಮೇಲೆ ವಾರ್ನಿಷ್ ಹಚ್ಚಿದ್ದೂ ಆಯಿತು, ಆದರೂ ಫ್ಯೂಸ್ ಏಕೆ ಹೋಗುತ್ತಿದೆ? ಬೆಸುಗೆ ಸರಿಯಿಲ್ಲದೆ ಹೀಗಾಗುವುದು ಕಡಿಮೆ. ಸುಟ್ಟ ಕರಿಯನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಕೆಲಸ ಮುಂದುವರಿಸಿದ್ದು, ಇಲ್ಲವೇ ಪರೀಕ್ಷೆ ಮಾಡುವ ಮೊದಲೇ ಲೇಪನ ಹಚ್ಚಿ ದೋಷವನ್ನು ಒಳಗೆ ಮುಚ್ಚಿಟ್ಟದ್ದು ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಆದ್ದರಿಂದ ಇಲ್ಲಿ ಹೇಳಿರುವ ಕೆಲಸಗಳಿಗಿಂತ ಅವುಗಳ ಅನುಕ್ರಮ ಮುಖ್ಯ. ಒಂದು ಹಂತ ಮುಗಿಯದೆ ಇನ್ನೊಂದಕ್ಕೆ ಹೋಗಬಾರದು.

ಈ ಮಾರ್ಗದರ್ಶಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರುಗಳ ಒಂದು ಅಥವಾ ಎರಡು ಪದರದ ಬೋರ್ಡುಗಳಿಗೆ ಅನ್ವಯಿಸುತ್ತದೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಇರುವ ಯಂತ್ರಗಳಲ್ಲಿ 230 ವೋಲ್ಟಿನ ಮೇನ್ಸ್ ನೇರವಾಗಿ ರೆಕ್ಟಿಫೈ ಆಗಿ (ಎಸಿಯಿಂದ ಡಿಸಿಗೆ ಬದಲಾಗಿ) ಸುಮಾರು 325 ವೋಲ್ಟ್ ಡಿಸಿ ಬೋರ್ಡಿನ ಮೇಲೆಯೇ ನಿಂತಿರುತ್ತದೆ. ಅಂಥ ಬೋರ್ಡಿನ ಮೇನ್ಸ್ ಭಾಗ ಸುಟ್ಟಿದ್ದರೆ ಇಡೀ ಎಸ್‌ಎಂಪಿಎಸ್ ಬೋರ್ಡನ್ನು ಬದಲಿಸುವುದೇ ಸರಿ.

ಬೇಕಾದ ಸಲಕರಣೆಗಳು

ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್ ಮತ್ತು ದಪ್ಪ ಟ್ರ್ಯಾಕುಗಳಿಗೆ 60 ವ್ಯಾಟಿನ ಇನ್ನೊಂದು (ಶಾಖ ನಿಯಂತ್ರಣವಿರುವ ಸ್ಟೇಷನ್ ಇದ್ದರೆ ಅದೊಂದೇ ಸಾಕು), 60/40 ಅಥವಾ 63/37 ಸೋಲ್ಡರ್ ತಂತಿ, ರೋಸಿನ್ ಫ್ಲಕ್ಸ್, ಡೀಸೋಲ್ಡರಿಂಗ್ ಪಂಪ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಚೂಪಾದ ಕಟರ್ ಬ್ಲೇಡು, ಸಣ್ಣ ಅರ, ಭೂತಗನ್ನಡಿ, ಮುಖಗವಸು ಮತ್ತು 220 ಓಮ್ 10 ವ್ಯಾಟಿನ ಒಂದು ರೆಸಿಸ್ಟರ್ ಮುಂಚಿತವಾಗಿಯೇ ಕೈಗೆಟುಕುವಂತಿರಲಿ. ತಗಡಿನ ಕೆಲಸದವರು ಬಳಸುವ ಆ್ಯಸಿಡ್ ಫ್ಲಕ್ಸನ್ನು ಮೇಜಿನ ಮೇಲೆಯೇ ಇಡಬೇಡಿ. ಅದು ಉಳಿದ ಕಡೆ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ.

ಇನ್ಸುಲೇಷನ್ ಸಾಮಗ್ರಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಹೆಚ್ಚಿನ ಹೋಬಳಿ ಕೇಂದ್ರಗಳಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಸಿಗುತ್ತದೆ. ಲೆದರಾಯ್ಡ್ ಕಾಗದ (ಇನ್ಸುಲೇಷನ್ನಿಗೆ ಬಳಸುವ ಗಟ್ಟಿ ಕಾಗದ), ಫೈಬರ್ ಸ್ಲೀವ್ (ತಂತಿಗೆ ತೊಡಿಸುವ ಕೊಳವೆ), ಗಾಳಿಗೆ ಒಣಗುವ ಇನ್ಸುಲೇಟಿಂಗ್ ವಾರ್ನಿಷ್, ಎನಾಮಲ್ ತಾಮ್ರದ ತಂತಿ, ಇವೆಲ್ಲ ಅಲ್ಲಿ ದಿನನಿತ್ಯದ ಸಾಮಾನು; ಕೇಳಿದರೆ ತುಂಡು ಲೆಕ್ಕದಲ್ಲಿ ಕೊಡುತ್ತಾರೆ. ಅವರಲ್ಲಿ ಸಾಮಾನ್ಯವಾಗಿ ಮೆಗ್ಗರ್ (ಹೆಚ್ಚಿನ ವೋಲ್ಟೇಜಿನಲ್ಲಿ ಇನ್ಸುಲೇಷನ್ ಅಳೆಯುವ ಮೀಟರ್) ಕೂಡ ಇರುತ್ತದೆ. ಅದರ ಅಗತ್ಯ ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಹಂತ 1: ವಿದ್ಯುತ್ ತೆಗೆದು ಕೆಪಾಸಿಟರ್ ಖಾಲಿ ಮಾಡುವುದು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರಗೆ ತೆಗೆದಿಡಬೇಕು. 35-0-35 ಟ್ರಾನ್ಸ್‌ಫಾರ್ಮರ್ (ನಡುವಿನ ಸೊನ್ನೆಯಿಂದ ಎರಡೂ ಬದಿಗೆ 35 ವೋಲ್ಟ್ ಎಸಿ ಕೊಡುವಂಥದ್ದು) ಇರುವ ಆಂಪ್ಲಿಫೈಯರಿನಲ್ಲಿ ಪ್ರತಿ ಬದಿಗೆ ಸುಮಾರು 50 ವೋಲ್ಟ್, ಎರಡೂ ತುದಿಗಳ ನಡುವೆ 100 ವೋಲ್ಟಿನಷ್ಟು ಡಿಸಿ ಇರುತ್ತದೆ. ಫ್ಯೂಸ್ ಹೋಗಿ ನಿಂತ ಯಂತ್ರದಲ್ಲಿ ಇದು ಬಹಳ ಹೊತ್ತು ಉಳಿದಿರಬಹುದು. 220 ಓಮ್ ರೆಸಿಸ್ಟರಿನ ಎರಡೂ ಕಾಲುಗಳಿಗೆ ಸ್ಲೀವ್ ಹಾಕಿದ ತಂತಿ ಬೆಸೆದು ಪ್ರತಿ ಕೆಪಾಸಿಟರಿನ ಎರಡು ತುದಿಗೂ ಹಿಡಿಯಿರಿ. 10,000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಖಾಲಿಯಾಗಲು ಹತ್ತು ಹನ್ನೆರಡು ಸೆಕೆಂಡು ಬೇಕು. ನಂತರ ಮೀಟರ್ ಇಟ್ಟು 2 ವೋಲ್ಟಿಗಿಂತ ಕಡಿಮೆ ಎಂದು ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಕೆಪಾಸಿಟರನ್ನೂ ಕೆಡಿಸುತ್ತದೆ, ಟ್ರ್ಯಾಕನ್ನೂ ಹಾರಿಸುತ್ತದೆ.

ಹಂತ 2: ಸುಟ್ಟದ್ದೇಕೆ ಎಂದು ಪತ್ತೆಹಚ್ಚುವುದು

ಏನನ್ನೂ ಒರೆಸುವ ಮೊದಲು ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಸುಟ್ಟ ಗುರುತಿನ ಆಕಾರವೇ ಕಾರಣವನ್ನು ಹೇಳುತ್ತದೆ, ಒರೆಸಿದ ಮೇಲೆ ಆ ಸಾಕ್ಷ್ಯ ಉಳಿಯುವುದಿಲ್ಲ.

ಬ್ರಿಡ್ಜ್ ರೆಕ್ಟಿಫೈಯರ್ ಅಥವಾ 5 ವ್ಯಾಟಿನ ರೆಸಿಸ್ಟರುಗಳ ಕಾಲಿನ ಸುತ್ತ ಮಾತ್ರ ಕಂದು ಬಣ್ಣದ ವೃತ್ತವಿದ್ದರೆ ಅದು ಡ್ರೈ ಸೋಲ್ಡರಿನ ಲಕ್ಷಣ. ಭೂತಗನ್ನಡಿ ಹಿಡಿದು ಬೋರ್ಡನ್ನು ಬೆಳಕಿಗೆ ಓರೆಯಾಗಿ ತಿರುಗಿಸಿದಾಗ, ಕಾಲಿಗೂ ಸೋಲ್ಡರಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಟೆಂಪೊದಲ್ಲಿ ಕುಲುಕಿ, ಕಾದು ಮತ್ತೆ ತಣ್ಣಗಾಗಿ ಬೆಸುಗೆ ಬಿಟ್ಟುಕೊಂಡಿರುತ್ತದೆ. ಆ ಬಿರುಕಿನಲ್ಲಿ ಕಿಡಿ ಹಾರಿ ಬೋರ್ಡು ಸುಡುತ್ತದೆ. ಟ್ರ್ಯಾಕ್ ಉದ್ದಕ್ಕೂ ಎದ್ದು ಆವಿಯಾಗಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವುದು ಬಹುತೇಕ ಖಚಿತ. ಎರಡು ಟ್ರ್ಯಾಕುಗಳ ನಡುವೆ ಮರದ ಕೊಂಬೆಗಳಂತೆ ಕವಲೊಡೆದ ಕಪ್ಪು ಗೆರೆ ಇದ್ದರೆ ಧೂಳು, ತೇವ, ಇರುವೆ, ಇಲಿಯ ಮೂತ್ರ ಇವುಗಳಲ್ಲೊಂದು ದಾರಿ ಮಾಡಿಕೊಟ್ಟಿದೆ. ನಾಲೆ ಬಯಲಿನ ಊರುಗಳ ಗೋಡೌನಿನಲ್ಲಿಟ್ಟ ಯಂತ್ರಗಳಲ್ಲಿ ಈ ಮೂರನೆಯ ಬಗೆ ಹೆಚ್ಚು. ಗಾಳಿಕಿಂಡಿಯಿಂದ ಒಳಹೊಕ್ಕ ಹಲ್ಲಿ ರೆಕ್ಟಿಫೈಯರಿನ ಮೇಲೆಯೇ ಒಣಗಿ ಅಂಟಿಕೊಂಡಿರುವುದೂ ಅಪರೂಪವಲ್ಲ.

ಹಳೆಯ ಜಪಾನಿ ಯಂತ್ರಗಳಲ್ಲಿ ದೊಡ್ಡ ಕೆಪಾಸಿಟರುಗಳ ಬುಡಕ್ಕೆ ಹಾಕಿದ ಹಳದಿ ಅಂಟನ್ನು ವಿಶೇಷವಾಗಿ ನೋಡಬೇಕು. ಅದು ವರ್ಷಗಳು ಕಳೆದಂತೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿ ವಿದ್ಯುತ್ತನ್ನು ಹರಿಯಬಿಡುತ್ತದೆ, ಪಕ್ಕದ ಕಾಲುಗಳನ್ನೂ ತಿನ್ನುತ್ತದೆ.

ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು (ನಮ್ಮಲ್ಲಿ ಹೆಚ್ಚು ಸಿಗುವುದು 2ಎಸ್‌ಸಿ5200, 2ಎಸ್‌ಎ1943 ಜೋಡಿ, ಹಳೆಯವುಗಳಲ್ಲಿ 2ಎನ್3055) ಬೋರ್ಡಿನಲ್ಲಿದ್ದಂತೆಯೇ ಅಳೆದರೆ ಮೀಟರ್ ದಾರಿ ತಪ್ಪಿಸುತ್ತದೆ. ಬಿಚ್ಚಿ ಹೊರಗಿಟ್ಟು ಡಯೋಡ್ ಮೋಡಿನಲ್ಲಿ ಪರೀಕ್ಷಿಸಿ: ಬೇಸಿನಿಂದ ಎಮಿಟರಿಗೆ ಹಾಗೂ ಕಲೆಕ್ಟರಿಗೆ ಒಂದು ದಿಕ್ಕಿನಲ್ಲಿ ಮಾತ್ರ 0.5 ರಿಂದ 0.7 ವೋಲ್ಟ್ ಬರಬೇಕು, ಕಲೆಕ್ಟರ್ ಮತ್ತು ಎಮಿಟರ್ ನಡುವೆ ಯಾವ ದಿಕ್ಕಿನಲ್ಲಿಯೂ ಏನೂ ಬರಬಾರದು. ಒಂದು ಟ್ರಾನ್ಸಿಸ್ಟರ್ ಹೋಗಿದ್ದರೆ ಅದರ ಜೋಡಿಯನ್ನೂ, ಅದರ ಎಮಿಟರ್ ರೆಸಿಸ್ಟರನ್ನೂ, ಹಿಂದಿರುವ ಡ್ರೈವರನ್ನೂ ಅನುಮಾನದಿಂದಲೇ ನೋಡಿ.

ಎಚ್ಚರಿಕೆಯ ಚಿಹ್ನೆ: ಫ್ಯೂಸ್ ಹೋಲ್ಡರಿನಲ್ಲಿ ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತಿದ್ದರೆ, ಕಣ್ಣಿಗೆ ಕಾಣದ ಹಾನಿ ಇನ್ನೂ ಇದೆ ಎಂದೇ ತಿಳಿಯಿರಿ. ಟ್ರಾನ್ಸ್‌ಫಾರ್ಮರಿನ ವೈಂಡಿಂಗ್ ಸುಟ್ಟ ವಾಸನೆ ಬರುತ್ತಿದೆಯೇ ಎಂದು ಆಗಲೇ ನೋಡಿಕೊಳ್ಳಬೇಕು.

ಹಂತ 3: ಸ್ವಚ್ಛಗೊಳಿಸುವುದು

ಒಣ ಬ್ರಷ್ಷಿನಿಂದ ಧೂಳು ತೆಗೆದ ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಿರಿ. ಇಲಿಯ ಮೂತ್ರದ ಉಪ್ಪು ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುವುದಿಲ್ಲವಾದ್ದರಿಂದ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಆಲ್ಕೋಹಾಲ್ ಬಳಸಬೇಕು. ಕಂದು ಬಣ್ಣದ, ಕಾಗದದ ತಿರುಳಿನ ಅಗ್ಗದ ಬೋರ್ಡುಗಳು ನೀರು ಕುಡಿಯುತ್ತವೆ, ಅವುಗಳನ್ನು ನೆನೆಸಬಾರದು. ಪೆಟ್ರೋಲ್, ಪೇಂಟ್ ಥಿನ್ನರ್ ಬೇಡ, ಪ್ಲಾಸ್ಟಿಕ್ ಕನೆಕ್ಟರುಗಳು ಕರಗುತ್ತವೆ. ವಾಲ್ಯೂಮ್ ಕಂಟ್ರೋಲ್, ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ಹೊಂದಾಣಿಕೆ ರೆಸಿಸ್ಟರ್) ಮತ್ತು ರಿಲೇ ಒಳಗೆ ದ್ರವ ಇಳಿಯದಂತೆ ನೋಡಿಕೊಳ್ಳಿ. ಆಲ್ಕೋಹಾಲ್ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಆ ಹೊತ್ತಿನಲ್ಲಿ ಐರನ್ ಆರಿಸಿರಬೇಕು, ಕಿಟಕಿ ತೆರೆದಿರಬೇಕು.

ಹಂತ 4: ಕರಿಯನ್ನು ಕತ್ತರಿಸಿ ತೆಗೆಯುವುದು

ರಿಪೇರಿಗಳು ಸೋಲುವುದು ಇಲ್ಲಿಯೇ. ಒಳ್ಳೆಯ ಬೋರ್ಡು ಅವಾಹಕ. ಅದೇ ಬೋರ್ಡು ಸುಟ್ಟು ಇದ್ದಿಲಾದ ಮೇಲೆ ವಾಹಕ. ಆ ಇದ್ದಿಲಿನ ಮೂಲಕ ಮೊದಲು ಅಲ್ಪ ಕರೆಂಟ್ ಹರಿಯುತ್ತದೆ, ಅದರ ಶಾಖಕ್ಕೆ ಪಕ್ಕದ ಭಾಗವೂ ಇದ್ದಿಲಾಗುತ್ತದೆ, ಕರೆಂಟ್ ಹೆಚ್ಚುತ್ತದೆ. ಹೀಗಾಗಿ ಮೇಜಿನ ಮೇಲೆ ಚೆನ್ನಾಗಿ ನಡೆದ ಯಂತ್ರ ಮದುವೆ ಮನೆಯಲ್ಲಿ ಎರಡು ಗಂಟೆ ನಡೆದ ಮೇಲೆ ಕೈಕೊಡುತ್ತದೆ.

ಮುಖಗವಸು ಹಾಕಿಕೊಂಡು, ಕಟರ್ ಬ್ಲೇಡಿನಿಂದ ಕರಿಯನ್ನು ಹೆರೆಯುತ್ತಾ ಹೋಗಿ. ಫೈಬರ್ ಗ್ಲಾಸಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲ್ಲಿಯವರೆಗೆ ಹೆರೆಯಬೇಕು ಎಂಬ ಪ್ರಶ್ನೆಗೆ ಬಣ್ಣವೇ ಉತ್ತರ. ಕಪ್ಪು ಹೋಗಿ ಕಡುಕಂದು ಬಂದಾಗ ನಿಲ್ಲಿಸುವವರೇ ಹೆಚ್ಚು. ಅಲ್ಲಿಂದ ಇನ್ನೂ ಒಂದೆರಡು ಮಿಲಿಮೀಟರ್ ಮುಂದೆ ಹೋಗಬೇಕು. ಹೆರೆದ ಅಂಚು ಎಫ್‌ಆರ್-4 (ಫೈಬರ್ ಗ್ಲಾಸಿನ) ಬೋರ್ಡಿನಲ್ಲಿ ತಿಳಿಹಸಿರಾಗಿ, ಗಾಜಿನ ನೇಯ್ಗೆಯ ಬಿಳಿ ಎಳೆಗಳು ಒಂದೊಂದಾಗಿ ಕಾಣುವಂತಿರಬೇಕು. ಬೋರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ಮೇಲೆ ಕಾಸಿನಗಲ ಸುಟ್ಟದ್ದು ಕೆಳಗೆ ಅದರ ಎರಡರಷ್ಟು ಹರಡಿರುವುದುಂಟು. ಸುಟ್ಟ ಭಾಗದಲ್ಲಿ ಪದರಗಳು ಬಿಟ್ಟುಕೊಂಡು ಉಬ್ಬಿದ್ದರೆ ಉಗುರಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಅಷ್ಟನ್ನೂ ಅರದಿಂದ ಉಜ್ಜಿ ತೂತು ಮಾಡಿ ತೆಗೆಯಬೇಕೇ ಹೊರತು ಅಂಟು ತುಂಬಿ ಕೂರಿಸಬಾರದು.

ನಂತರ ಪರೀಕ್ಷೆ. ಮೀಟರನ್ನು 20 ಮೆಗಾಓಮ್ ರೇಂಜಿನಲ್ಲಿಟ್ಟು, ಹೆರೆದ ಜಾಗದ ಎರಡು ಬದಿಗೆ ಸೂಜಿಮೊನೆಗಳನ್ನು ಒತ್ತಿ ಹಿಡಿಯಿರಿ. ಯಾವ ಅಂಕಿಯೂ ಬರಬಾರದು. ಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ, ಬೋರ್ಡು ದುಡಿಯಬೇಕಾದುದು 100 ವೋಲ್ಟಿನಲ್ಲಿ. ಆದ್ದರಿಂದ ಮೀಟರಿನ ಒಪ್ಪಿಗೆ ಮಾತ್ರ ಸಾಕಾಗದು. ಮೇನ್ಸ್ ಹಾದುಹೋಗುವ ಭಾಗವಾದರೆ ಅಲ್ಲಿನ ಬಿಡಿಭಾಗಗಳನ್ನೆಲ್ಲ ಬಿಚ್ಚಿ, ಬರಿ ಬೋರ್ಡನ್ನು ವೈಂಡಿಂಗ್ ಅಂಗಡಿಗೆ ಒಯ್ದು 500 ವೋಲ್ಟಿನ ಮೆಗ್ಗರ್ ಹಾಕಿಸಿ. ನೂರು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಇನ್ನೂ ಹೆರೆಯಬೇಕು ಅಥವಾ ಒಣಗಿಸಬೇಕು. ಟ್ರಾನ್ಸಿಸ್ಟರ್, ಐಸಿ ಇರುವ ಬೋರ್ಡಿಗೆ ಮೆಗ್ಗರ್ ಮುಟ್ಟಿಸಿದರೆ ಇರುವುದೂ ಹೋಗುತ್ತದೆ.

ತೂತು ಬಿದ್ದರೆ ಮುಚ್ಚಲೇಬೇಕೆಂಬ ಹಟ ಬೇಡ. ಮೇನ್ಸಿನ ಎರಡು ಟ್ರ್ಯಾಕುಗಳ ನಡುವೆ ತೂತಿದ್ದರೆ ಅದನ್ನು ಹಾಗೆಯೇ ಬಿಡುವುದು ಉತ್ತಮ. ಖಾಲಿ ಜಾಗದಲ್ಲಿ ಧೂಳು, ತೇವಕ್ಕೆ ಕೂರಲು ನೆಲೆಯಿರುವುದಿಲ್ಲ. ಬಿಡಿಭಾಗಕ್ಕೆ ಆಧಾರ ಬೇಕಾದಲ್ಲಿ ಮಾತ್ರ ಹಿಂಬದಿಗೆ ಟೇಪ್ ಅಂಟಿಸಿ, ಎರಡು ಟ್ಯೂಬಿನ ಅರಾಲ್ಡೈಟನ್ನು ಸಮವಾಗಿ ಕಲಸಿ ತುಂಬಿ, ಒಂದು ರಾತ್ರಿ ಅಲುಗಿಸದೆ ಬಿಡಿ. ಕ್ಷಣದಲ್ಲಿ ಹಿಡಿಯುವ ಅಂಟುಗಳು ಶಾಖಕ್ಕೆ ಪುಡಿಯಾಗುತ್ತವೆ.

ಕಾಲುಭಾಗಕ್ಕಿಂತ ಹೆಚ್ಚು ಬೋರ್ಡು ಕತ್ತರಿಸಬೇಕಾಗಿ ಬಂದರೆ ಅಲ್ಲಿಗೇ ಕೈಬಿಡಿ. 5200–1943 ಜೋಡಿಯ ಸಿದ್ಧ ಬೋರ್ಡುಗಳು ಸುಲಭವಾಗಿ ಸಿಗುವಾಗ ಅದಕ್ಕೆ ಹಾಕುವ ಶ್ರಮ ದಂಡ.

ಹಂತ 5: ಟ್ರ್ಯಾಕ್ ಮತ್ತು ಪ್ಯಾಡುಗಳನ್ನು ಕಟ್ಟುವುದು

ಉಳಿದ ಟ್ರ್ಯಾಕಿನ ತುದಿಯಿಂದ ಕನಿಷ್ಠ 5 ಮಿ.ಮೀ.ವರೆಗೆ ಹಸಿರು ಲೇಪನವನ್ನು ಹೆರೆದು, ತಾಮ್ರ ಹೊಳೆಯುವಂತೆ ಮಾಡಿ, ಫ್ಲಕ್ಸ್ ಹಚ್ಚಿ ತೆಳುವಾಗಿ ಸೋಲ್ಡರ್ ಹಿಡಿಸಿ. ಸಿಗ್ನಲ್ ಟ್ರ್ಯಾಕಿಗೆ ತೆಳು ಎಳೆ ಸಾಕು. ಸಪ್ಲೈ, ಸ್ಪೀಕರ್ ಮತ್ತು ಗ್ರೌಂಡ್ ಟ್ರ್ಯಾಕುಗಳಿಗೆ ಮನೆ ವೈರಿಂಗಿನ 1 ಅಥವಾ 1.5 ಚದರ ಮಿ.ಮೀ. ತಾಮ್ರದ ತಂತಿಯನ್ನು ಬಳಸಬೇಕು. ಎನಾಮಲ್ ತಂತಿಯಾದರೆ ತುದಿಗಳ ಎನಾಮಲ್ಲನ್ನು ಪೂರ್ತಿ ಹೆರೆಯದೆ ಸೋಲ್ಡರ್ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಒಳಗೆ ಸಂಪರ್ಕ ಇರುವುದಿಲ್ಲ.

63/37 ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಐರನ್ ಮೊನೆ 320 ರಿಂದ 350 ಡಿಗ್ರಿ ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಬೆಸುಗೆ ಮುಗಿಯಬೇಕು. ಮುಗಿಯದಿದ್ದರೆ ಒತ್ತಿ ಹಿಡಿಯುವ ಬದಲು ದೊಡ್ಡ ಐರನ್ ತೆಗೆದುಕೊಳ್ಳಿ, ಏಕೆಂದರೆ ಚಿಕ್ಕ ಐರನ್ನನ್ನು ಬಹಳ ಹೊತ್ತು ಹಿಡಿದಾಗಲೇ ಪ್ಯಾಡುಗಳು (ಕಾಲುಗಳನ್ನು ಬೆಸೆಯುವ ತಾಮ್ರದ ಬಿಲ್ಲೆಗಳು) ಎದ್ದು ಬರುತ್ತವೆ. ಎದ್ದ ಪ್ಯಾಡನ್ನು ಅಂಟಿಸುವ ಪ್ರಯತ್ನ ಬೇಡ. ಅದನ್ನು ಕತ್ತರಿಸಿ, ಬಿಡಿಭಾಗದ ಕಾಲನ್ನೇ ಬಗ್ಗಿಸಿ ಅದೇ ಟ್ರ್ಯಾಕಿನ ಮುಂದಿನ ಗಟ್ಟಿ ಜಾಗಕ್ಕೆ ಬೆಸೆಯಿರಿ.

ಆಡಿಯೊ ಬೋರ್ಡಿನಲ್ಲಿ ಇನ್ನೊಂದು ಕಟ್ಟುಪಾಡಿದೆ. ಹೋದ ಟ್ರ್ಯಾಕ್ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತಿತ್ತೋ ಹೊಸ ತಂತಿಯೂ ಅದೇ ಬಿಂದುಗಳ ನಡುವೆ, ಸಾಧ್ಯವಾದಷ್ಟೂ ಅದೇ ದಾರಿಯಲ್ಲಿ ಹೋಗಬೇಕು. ‘ಎರಡೂ ಗ್ರೌಂಡೇ ಅಲ್ಲವೇ’ ಎಂದು ಸ್ಪೀಕರಿನ ಗ್ರೌಂಡನ್ನು ಇನ್‌ಪುಟ್ ಗ್ರೌಂಡಿಗೆ ಹತ್ತಿರದಲ್ಲಿ ಸೇರಿಸಿದರೆ ಮೀಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ: ಹಮ್ (ಗುಂಯ್ ಎನ್ನುವ ಸದ್ದು) ಶುರುವಾಗುತ್ತದೆ. ಔಟ್‌ಪುಟ್ಟಿನಿಂದ ಇನ್‌ಪುಟ್ ಕಡೆಗೆ ಹೋಗುವ ಫೀಡ್‌ಬ್ಯಾಕ್ ತಂತಿಯನ್ನು ಮನಬಂದಂತೆ ಸುತ್ತಿಸಿದರೆ ಆಂಪ್ಲಿಫೈಯರ್ ಸದ್ದಿಲ್ಲದೆ ಆಸಿಲೇಟ್ ಆಗಿ (ತಾನಾಗಿಯೇ ಕಂಪಿಸಿ) ಟ್ರಾನ್ಸಿಸ್ಟರ್ ಕಾಯಿಸಬಹುದು.

ಸುಟ್ಟ ಜಾಗದಲ್ಲಿದ್ದ 5 ವ್ಯಾಟಿನ ರೆಸಿಸ್ಟರುಗಳನ್ನು ಮರಳಿ ಹಾಕುವಾಗ ಬೋರ್ಡಿಗೆ ತಾಗಿಸದೆ 5 ರಿಂದ 10 ಮಿ.ಮೀ. ಎತ್ತರದಲ್ಲಿ ನಿಲ್ಲಿಸಿ. ಮುಂದಿನ ಸಲ ಬೋರ್ಡು ಅಷ್ಟಾಗಿ ಕಾಯುವುದಿಲ್ಲ.

ಹಂತ 6: ಟ್ರಾನ್ಸಿಸ್ಟರಿಗೂ ಹೀಟ್ ಸಿಂಕಿಗೂ ನಡುವಿನ ಮೈಕಾ

2ಎನ್3055ರ ಲೋಹದ ಕವಚವೂ, 5200–1943ರ ಹಿಂಬದಿಯ ಲೋಹವೂ ಕಲೆಕ್ಟರಿಗೆ ಸೇರಿರುತ್ತವೆ. ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ಅಲ್ಲಿ 50 ವೋಲ್ಟ್ ಇರುತ್ತದೆ, ಹೀಟ್ ಸಿಂಕ್ ಚಾಸಿಗೆ ಸೇರಿರುತ್ತದೆ. ನಡುವೆ ಇರುವುದು ಮೈಕಾ ಹಾಳೆ ಮಾತ್ರ. ಹಳೆಯ ಮೈಕಾವನ್ನು ಮತ್ತೆ ಬಳಸಬಾರದು. ಹೊಸದನ್ನು ಹಾಕುವ ಮೊದಲು ಹೀಟ್ ಸಿಂಕಿನ ಸ್ಕ್ರೂ ತೂತಿನ ಅಂಚಿನಲ್ಲಿ ಬೆರಳಾಡಿಸಿ. ಅಲ್ಯೂಮಿನಿಯಂ ಮುಳ್ಳಿದ್ದರೆ ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲಿ ತಿರುಗಿಸಿ ತೆಗೆಯಿರಿ. ಮೈಕಾದ ಎರಡೂ ಬದಿಗೆ ಹೀಟ್ ಸಿಂಕ್ ಪೇಸ್ಟನ್ನು ಪಾರದರ್ಶಕವಾಗುವಷ್ಟು ತೆಳುವಾಗಿ ಸವರಬೇಕು. ಹೆಚ್ಚು ಹಾಕಿದರೆ ಶಾಖ ದಾಟುವುದು ಕಡಿಮೆಯಾಗುತ್ತದೆ. ಸ್ಕ್ರೂ ಲೋಹದ ಭಾಗಕ್ಕೆ ತಾಗುವ ಬಗೆಯದಾದರೆ ಪ್ಲಾಸ್ಟಿಕ್ ಬುಷ್ ಮರೆಯಬೇಡಿ. ಬಿಗಿದ ಮೇಲೆ ಪ್ರತಿ ಕಲೆಕ್ಟರಿಗೂ ಹೀಟ್ ಸಿಂಕಿಗೂ ಮೀಟರ್ ಹಿಡಿಯಿರಿ. ಬೀಪ್ ಬಂದರೆ ಮುಂದಿನ ಹಂತವಿಲ್ಲ.

ಹಂತ 7: ಸೀರೀಸ್ ಬಲ್ಬಿನಲ್ಲಿ ಮೊದಲ ಪರೀಕ್ಷೆ

ಫೇಸ್ ತಂತಿಯಲ್ಲಿ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ (ಕರೆಂಟ್ ಬಲ್ಬಿನ ಮೂಲಕವೇ ಹಾದು ಬರುವಂತೆ) ಸೇರಿಸಿ ಯಂತ್ರಕ್ಕೆ ಕೊಡಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಈಗ ಫಿಲಮೆಂಟ್ ಬಲ್ಬು ಅಪರೂಪವಾದರೂ ಕೋಳಿಮರಿ ಸಾಕುವವರಿಗೆ ಸಾಮಾನು ಮಾರುವ ಕಡೆ ವಿಚಾರಿಸಿದರೆ ಸಿಗುತ್ತದೆ. ಸ್ಪೀಕರ್ ಸೇರಿಸಬಾರದು, ವಾಲ್ಯೂಮ್ ಸೊನ್ನೆಯಲ್ಲಿರಬೇಕು. ಬಲ್ಬು ಇರುವುದರಿಂದ ಶಾಕ್ ಹೊಡೆಯುವುದಿಲ್ಲ ಎಂದು ಭಾವಿಸುವುದು ಅಪಾಯ. ಅದು ಕರೆಂಟಿಗೆ ಮಿತಿ ಹಾಕುತ್ತದೆಯೇ ಹೊರತು ನಿಮ್ಮನ್ನು ಕಾಯುವುದಿಲ್ಲ.

ಬಲ್ಬು ಒಮ್ಮೆ ಬೆಳಗಿ, ಕೆಪಾಸಿಟರ್ ತುಂಬುತ್ತಿದ್ದಂತೆ ಮಂಕಾದರೆ ಸರಿ. ಪೂರ್ತಿ ಬೆಳಗುತ್ತಲೇ ಇದ್ದರೆ ಶಾರ್ಟ್ ಉಳಿದಿದೆ, ತಕ್ಷಣ ಆರಿಸಿ ಎರಡನೆಯ ಹಂತಕ್ಕೆ ಹಿಂದಿರುಗಿ. ಮಂಕಾಗಿ, ಮತ್ತೆ ನಿಧಾನವಾಗಿ ಬೆಳಕು ಏರುತ್ತಾ ಹೋದರೆ ಯಾವುದೋ ಟ್ರಾನ್ಸಿಸ್ಟರ್ ಕಾಯುತ್ತಿದೆ ಇಲ್ಲವೇ ಇದ್ದಿಲು ಉಳಿದಿದೆ. ಈ ಮೂರನೆಯ ಸ್ಥಿತಿಯನ್ನು ಗಮನಿಸದೆ ಹೋಗುವವರು ಬಹಳ. ಕನಿಷ್ಠ ಹತ್ತು ನಿಮಿಷ ಬಲ್ಬನ್ನು ನೋಡುತ್ತಿರಿ.

ನಂತರ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚೆನ್ನ. 100 ಮಿಲಿವೋಲ್ಟ್ ದಾಟಿದರೆ ಕಾರಣ ಹುಡುಕಬೇಕು. ಹಲವು ವೋಲ್ಟ್ ಬಂದರೆ ಸ್ಪೀಕರ್ ಸೇರಿಸಿದಾಗ ಅದರ ಕಾಯಿಲ್ ಸುಡಬಹುದು.

ಹಂತ 8: ಇನ್ಸುಲೇಷನ್

ಬಲ್ಬಿನ ಪರೀಕ್ಷೆ ದಾಟಿದ ಬೋರ್ಡಿಗೆ ಮಾತ್ರ ಲೇಪನ. ಕೆಪಾಸಿಟರುಗಳನ್ನು ಮತ್ತೆ ಖಾಲಿ ಮಾಡಿ, ಬೆಸುಗೆಯ ಸುತ್ತ ಉಳಿದ ಫ್ಲಕ್ಸನ್ನು ಆಲ್ಕೋಹಾಲಿನಿಂದ ತೆಗೆದು, ಬೋರ್ಡನ್ನು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಬೋರ್ಡನ್ನಿಟ್ಟು, ಹೇರ್ ಡ್ರೈಯರಿನಿಂದ ಆಗಾಗ ಬೆಚ್ಚಗಿನ ಗಾಳಿ ಹಾಯಿಸಿ. ತೇವದ ಮೇಲೆ ಹಚ್ಚಿದ ವಾರ್ನಿಷ್ ತೇವವನ್ನು ಹೊರಗೆ ಬಿಡದೆ ತಾಮ್ರವನ್ನು ಒಳಗಿನಿಂದಲೇ ಹಸಿರುಗಟ್ಟಿಸುತ್ತದೆ.

ಕನೆಕ್ಟರ್, ಫ್ಯೂಸ್ ಕ್ಲಿಪ್, ರಿಲೇ, ಪ್ರಿಸೆಟ್, ಹೀಟ್ ಸಿಂಕಿಗೆ ಕೂರುವ ಮುಖ ಮತ್ತು ಚಾಸಿಗೆ ಗ್ರೌಂಡ್ ಸೇರುವ ಸ್ಕ್ರೂ ಜಾಗಗಳಿಗೆ ಟೇಪ್ ಅಂಟಿಸಿ. ಅಕ್ರಿಲಿಕ್ ಕನ್ಫಾರ್ಮಲ್ ಸ್ಪ್ರೇ (ಬೋರ್ಡಿಗೆ ರಕ್ಷಣೆಯ ಪದರ ಹಾಕುವ ಸ್ಪ್ರೇ) ಸಿಕ್ಕರೆ ಅದು, ಇಲ್ಲದಿದ್ದರೆ ಗಾಳಿಗೆ ಒಣಗುವ ಮೋಟಾರ್ ವಾರ್ನಿಷ್. ದಪ್ಪಗೆ ಒಮ್ಮೆ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಸಲ, ಎರಡನೆಯದನ್ನು ಮೊದಲಿನದಕ್ಕೆ ಅಡ್ಡಲಾಗಿ ಹಚ್ಚಬೇಕು. ಉಗುರುಬಣ್ಣ ಹಚ್ಚುವ ರೂಢಿಯಿದೆ. ಸಿಗ್ನಲ್ ಟ್ರ್ಯಾಕಿನ ಸಣ್ಣ ಗೀರಿಗೆ ಅದು ನಡೆಯುತ್ತದೆ, ಮೇನ್ಸ್ ಅಥವಾ ಸಪ್ಲೈ ಭಾಗಕ್ಕೆ ಖಂಡಿತ ಬೇಡ.

ಹೊಸದಾಗಿ ಎಳೆದ ತಂತಿಗಳು ಬೇರೆ ಟ್ರ್ಯಾಕನ್ನು ದಾಟುವಲ್ಲಿ ಲೇಪನವನ್ನು ನಂಬಬಾರದು, ಫೈಬರ್ ಸ್ಲೀವನ್ನು ಬೆಸೆಯುವ ಮೊದಲೇ ಹಾಕಿರಬೇಕು. ಬೋರ್ಡಿಗೂ ಚಾಸಿನ ತಗಡಿಗೂ ನಡುವೆ ಲೆದರಾಯ್ಡ್ ಕಾಗದವನ್ನು ಬೋರ್ಡಿಗಿಂತ ಒಂದು ಸೆಂಟಿಮೀಟರ್ ಹೆಚ್ಚು ಅಗಲವಾಗಿ ಕತ್ತರಿಸಿ ಇಡಿ, ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ಮೇನ್ಸಿಗೂ ಉಳಿದ ಸರ್ಕ್ಯೂಟಿಗೂ ನಡುವೆ ಬೋರ್ಡಿನ ಮೇಲೆ ಕನಿಷ್ಠ 6 ಮಿ.ಮೀ. ಅಂತರವಿರಲಿ, 8 ಇದ್ದರೆ ನೆಮ್ಮದಿ.

ವೈರಿಂಗಿನ ಪಿವಿಸಿ ಟೇಪ್ ಶಾಖಕ್ಕೆ ಅಂಟು ಬಿಟ್ಟು ಜಾರುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರವನ್ನು ತಿನ್ನುತ್ತದೆ. ಗ್ಲೂ ಗನ್ನಿನ ಅಂಟು ಕಾಯುವ ರೆಸಿಸ್ಟರುಗಳ ಬಳಿ ಕರಗಿ ಹರಿಯುತ್ತದೆ. ಈ ಮೂರನ್ನೂ ದೂರವಿಡಿ.

ಹಂತ 9: ಪೂರ್ಣ ವಿದ್ಯುತ್ತಿನಲ್ಲಿ ಓಡಿಸುವುದು

ಲೇಪನ ಒಂದು ರಾತ್ರಿ ಒಣಗಿದ ಮೇಲೆ ಮತ್ತೊಮ್ಮೆ ಸೀರೀಸ್ ಬಲ್ಬಿನಲ್ಲಿ ನೋಡಿ, ಆಮೇಲೆ ಬಲ್ಬು ತೆಗೆದು ಯಂತ್ರದ ಮೇಲೆ ಬರೆದಿರುವ ಅಳತೆಯ ಫ್ಯೂಸನ್ನೇ ಹಾಕಿ. ಬಯಾಸ್ ಪ್ರಿಸೆಟ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಅಲ್ಪ ಕರೆಂಟನ್ನು ಹೊಂದಿಸುವಂಥದ್ದು) ಇದ್ದರೆ ಕನಿಷ್ಠದಿಂದ ಆರಂಭಿಸಿ ಎಮಿಟರ್ ರೆಸಿಸ್ಟರಿನ ತುದಿಗಳಲ್ಲಿ ಮಿಲಿವೋಲ್ಟ್ ನೋಡುತ್ತಾ ಏರಿಸಬೇಕು, 0.22 ಓಮಿಗೆ 5 ಮಿಲಿವೋಲ್ಟ್ ಎಂದರೆ ಸುಮಾರು 23 ಮಿಲಿಆ್ಯಂಪಿಯರ್. ಮೊದಲು ಹಳೆಯ ಸ್ಪೀಕರೊಂದನ್ನು ಸೇರಿಸಿ, ಕಡಿಮೆ ಸದ್ದಿನಲ್ಲಿ ಒಂದು ಗಂಟೆ, ಬಳಿಕ ಕಾರ್ಯಕ್ರಮದಲ್ಲಿ ಬಳಸುವಷ್ಟು ಸದ್ದಿನಲ್ಲಿ ಇನ್ನೊಂದು ಗಂಟೆ ಓಡಿಸಿ. ಮುಚ್ಚಳ ಹಾಕಿಯೇ ಓಡಿಸಬೇಕು, ತೆರೆದಿಟ್ಟಾಗ ಆಗುವ ಶಾಖ ನಿಜವಾದ ಶಾಖವಲ್ಲ.

ಚಾಸಿಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ನಡುವೆ 1 ಓಮಿಗಿಂತ ಕಡಿಮೆ ಬರಬೇಕು. ಹಮ್ ಬರುತ್ತದೆಂದು ಅರ್ಥ್ ತಂತಿ ಕತ್ತರಿಸಿದ ಯಂತ್ರಗಳು ಬಾಡಿಗೆ ಅಂಗಡಿಗಳಲ್ಲಿ ಎಷ್ಟೋ ಇವೆ; ಮೈಕಾ ಒಡೆದರೆ, ಮೇನ್ಸ್ ತಂತಿ ಉಜ್ಜಿದರೆ, ಮೈಕ್ ಹಿಡಿದವರ ಕೈಗೆ ಅದು ಬರುತ್ತದೆ. ಹಮ್ಮಿನ ಮೂಲವನ್ನು ಐದನೆಯ ಹಂತದ ಗ್ರೌಂಡ್ ದಾರಿಯಲ್ಲಿ ಹುಡುಕಿ, ಅರ್ಥನ್ನು ಮರಳಿ ಸೇರಿಸಿ.

ಮೊದಲ ಎರಡು ಮೂರು ಕಾರ್ಯಕ್ರಮಗಳಾದ ಮೇಲೆ ಯಂತ್ರವನ್ನು ಒಮ್ಮೆ ತೆರೆಯಬೇಕು. ಪೇಸ್ಟ್ ಹರಡಿ ಟ್ರಾನ್ಸಿಸ್ಟರಿನ ಸ್ಕ್ರೂಗಳು ಸ್ವಲ್ಪ ಸಡಿಲಗೊಂಡಿರುತ್ತವೆ, ಬಿಗಿಯಿರಿ. ಲೇಪನ ಹಚ್ಚಿದ ಜಾಗದಲ್ಲಿ ಕಂದು ನೆರಳು ಮೂಡಿದ್ದರೆ, ಗುಳ್ಳೆ ಎದ್ದಿದ್ದರೆ ಅಥವಾ ಮೀನಿನಂಥ ವಾಸನೆ ಬರುತ್ತಿದ್ದರೆ ಕರಿ ಇನ್ನೂ ಉಳಿದಿದೆ ಎಂದೇ ಅರ್ಥ. ಅಲ್ಲಿ ಮೇಲಿಂದ ಮತ್ತೊಂದು ಪದರ ಹಚ್ಚದೆ, ಆ ಭಾಗದ ವಾರ್ನಿಷ್ ಕೆರೆದು ನಾಲ್ಕನೆಯ ಹಂತದಿಂದ ಕೆಲಸ ಶುರುಮಾಡಿ.